ಹದಿನೇಳೂವರಿ ಫೂಟು

ಉದ್ಯಮಬಾಗದ ನನ್ನ ಶೆಡ್ಡಿಗೆ
ಒಂದು ಟೇಪು, ಎರಡು ಹಟ ತಗೊಂಡು
ಅತ್ತಿಗಿ ನಾದ್ನಿ ಬಂದ್ರು.
ಕಸ್ತೂರಿಬಾಯಿ, ದವಾಖಾನಿ ನರ್ಸು, ಈಗ ರಿಟೈರು.
ಚಂಪಾವತಿಬಾಯಿ, ಮೋಜಣಿ ಆಫೀಸಿನ್ಯಾಗ
ಮೂವತ್ತೊಂದು ವರ್ಷ ಮಂದಿ ಹೊಲ ಅಳದಾವ್ರು.

"ಚಾಸಿ ನಾವು ತರತೀವಿ, ಮನಿ ನೀ ಕಟ್ಟು."
ಹಾಸಿಗಿ, ಒಲಿ, ಪಾಯಖಾನಿ, ನೀರಿನ ಟಾಕಿ,
ಎಲ್ಲಾ ಗಾಲಿ ಮ್ಯಾಲ.
ಸಾಲಿ ಬಸ್ಸು ಕಟ್ಟೀನಿ, ಹಾಲಿನ ಗಾಡಿ ಕಟ್ಟೀನಿ,
ಒಂದ್ಸಲ ಹೆಣದ ಗಾಡೀನೂ ಕಟ್ಟೀನಿ.
ಮಲಕೊಂಡು ಮುಂಜಾನೆ ಎದ್ದು ಬರಾವ್ರಿಗೆ
ಇನ್ನೂ ಕಟ್ಟಿದ್ದಿಲ್ಲ.

ಎಷ್ಟ ಉದ್ದ ಬೇಕು?
"ಇಪ್ಪತ್ನಾಕು" ಅಂದ್ರು ಕಸ್ತೂರಿಬಾಯಿ.
"ಹದಿನಾಕು" ಅಂದ್ರು ಇವರು, ಅವರ ಬಾಯಿ ಮುಚ್ಚೂದ್ರಾಗ.

ಸುಣ್ಣ ತಂದು ನೆಲಕ್ಕ ಗೆರಿ ಹೊಡದೆ.
ಕಸ್ತೂರಿಬಾಯಿ ಒಳಗ ಅಡ್ಡಾಡಿ ತೋರಿಸಿದ್ರು:
ಇದು ನನ್ನ ಹಾಸಿಗಿ, ಇದು ಅಕೀದು,
ಇದು ರೊಟ್ಟಿ ಬಡಿಯೋ ಕಟ್ಟಿ,
ಇಲ್ಲಿ, ಕಿಡಕಿ ಬುಡಕ, ಮೂರನೇ ಹಾಸಿಗಿ.
ಯಾರಿಗ್ರಿ?
"ಯಾರರ ಬಂದ್ರ?"

ಚಂಪಾವತಿಬಾಯಿ ತಮ್ಮ ಹದಿನಾಕರಾಗ
ಸೆರಗು ಸೊಂಟಕ್ಕ ಸಿಗಿಸಿ ಮಲಗೇ ಬಿಟ್ರು.
ಒಲಿ ಜಾಗಾ ಬಿಟ್ಟು ಮಲಗಿದ್ದಕ್ಕ
ಹಿಮ್ಮಡಿ ಗೆರಿ ದಾಟಿ
ನನ್ನ ವೆಲ್ಡಿಂಗ್ ಮಷೀನಿಗೆ ತಾಕಿದೂ.
"ಕಾಲು ಮಡಚತೀನಿ" ಅಂದ್ರು, ಮ್ಯಾಲ ನೋಡಕೋತ.

ಆಮ್ಯಾಲ ಎದ್ದು ಸುಣ್ಣ ಜಾಡಿಸಿ:
"ಗೆರಿ ತಿರುಗೂದಿಲ್ಲಪಾ. ಓಣಿ ತಿರುಗತೈತಿ.
ನಡಿ, ಬಾದಾಮಿಗಿ."

ಬಾದಾಮಿ ಸಂತ್ಯಾಗ ಬಿದಿರು ತಗೊಂಡು
ಇಪ್ಪತ್ನಾಕು ಉದ್ದ, ಏಳು ಅಗಲ, ಸುತಳಿ ಬಿಗದು,
ಮೂಲಿಗೊಬ್ಬರು ಹಿಡದು ಹೊಂಟ್ವಿ
ಹೊಂಡದ ಕಡೆ ಇಳಿಯೋ ಓಣಿಯಾಗ:
ಮುಂದ ಅವರಿಬ್ಬರು, ಹಿಂದ ನಾನು, ನನ್ನ ಹುಡುಗ.
ಬಾಗಲದಾಗ ದಾಡಿ ಮಾಡಕೋತ ಕುಂತಾಂವ
ಅರ್ಧ ಮಾರಿ ನೊರಿ ಇಟಗೊಂಡು ಕೇಳಿದ,
"ಏನ್ ಒಯ್ಯಾಕತ್ತೀರಿ?"
"ಗಾಡಿ."
"ಎಲ್ಲೈತಿ?"
"ಕಾಣವಲ್ತೇನು?"
ಅಷ್ಟರಾಗ ಒಂಬತ್ತು ಹುಡುಗ್ರು ಬಿದಿರಿನೊಳಗ ಹೊಕ್ಕು
ರೈಟ್, ರೈಟ್, ಹೋಲ್ಡಾನ್ ಅನ್ನಾಕ ಸುರು.

ಹಾಲಿನಕಿ ಕಟ್ಟಿಗೆ ಮುಂದಿನ ತುದಿ ಬಡೀತು,
ಲೈಟಿನ ಕಂಬಕ್ಕ ಹಿಂದಿನದು.
ಮುಂದ ಇಲ್ಲ, ಹಿಂದ ಇಲ್ಲ.
ನೊರಿಯಾಂವ ಉಪಾಯ ಹೇಳಿದ:
"ಎತ್ತರಿ, ನನ್ನ ಮಾಳಿಗಿ ಮ್ಯಾಲಿಂದ ದಾಟಸ್ರಿ."
"ಕೋಲು ಎತ್ತಬಹುದು" ಅಂದ್ರು ಚಂಪಾವತಿಬಾಯಿ,
"ಒಳಗಿನ ಒಲಿ, ಟಾಕಿ, ನಮ್ಮ ಅತ್ತಿಗಿ?"

ಸುತಳಿ ಬಿಚ್ಚಿ ಕಟ್ಟಿದ್ವಿ. ಇಪ್ಪತ್ತೊಂದು. ಊಹೂಂ.
ಹತ್ತೊಂಬತ್ತಕ್ಕ ಕಟ್ಟಿ ಸುಣ್ಣ ಕೆರದು ಬಂತು,
ಹಾಲಿನಕಿ ಬೈದ್ಲು.
ಹದಿನೇಳೂವರಿಗೆ ತಿರುಗಿತು ನೋಡ್ರಿ,
ಕಂಬಕ್ಕೂ ಬಿದಿರಿಗೂ ನಡುವ ಒಂದ ಗೇಣು ಬಿಟ್ಟು.
ಉಳಿದ ಆರೂವರಿ ಕೊರದು ಕೊಟ್ಟೆ;
ಬೈದಾಕಿನೇ ಅರಿವಿ ಒಣಹಾಕಾಕ ಇಟಗೊಂಡ್ಲು.

ಸಂಜಿಮುಂದ ಮಲಪ್ರಭಾ ದಂಡಿಗೆ
ಆ ಬಿದಿರ ಮನಿ ನೆಲಕ್ಕಿಟ್ವಿ.
ಹೊತ್ತು ಮುಣಗೂದ್ರಾಗ ಇವರ ಊಟ ಆಗಬೇಕು,
ಜೈನರ ಮನಿ ಪದ್ಧತಿ.
"ಊರೂರಿಗೆ ಹೊತ್ತಿರತಾನ ಮುಟ್ಟಬೇಕಲಾ" ಅಂದ್ರು ಚಂಪಾವತಿಬಾಯಿ,
"ಓಣಿಯಾಗ ಸಿಕ್ಕೊಂಡ್ರ ಉಪಾಸ."
ಬುತ್ತಿ ಬಿಚ್ಚಿದ್ರು. ಖಡಕ ರೊಟ್ಟಿ, ಹೆಸರಕಾಳ ಪಲ್ಯ.

ಅಷ್ಟರಾಗ ದಾಡಿಯಾಂವ ಬಂದ, ಮಾರಿ ಈಗ ಸ್ವಚ್ಛ,
ಕೈಯಾಗ ಶೇಂಗಾ ಹಿಂಡಿ, ಒಂದು ಗಡಿಗಿ ಮಸರು.
ಒಳಗ ನಾಕು ಮಂದಿ, ನಾಕು ತಾಟು.
ಅಂವ ಬಿದಿರಿನ ಹೊರಗ ಕುಂತ.
ಕಸ್ತೂರಿಬಾಯಿ ಕಿಡಕಿ ಇರಬೇಕಾದ ಕಡೆ ನೋಡಿದ್ರು,
ಅವನ ಕಡೆ ನೋಡಿದ್ರು,
ಕೊನಿಗೆ ತಮ್ಮ ತಾಟು ಎತಗೊಂಡು
ಬಿದಿರು ದಾಟಿ ಅವನ ಬಾಜೂಕ ಹೋಗಿ ಕುಂತ್ರು.

ಕೈ ತೊಳಕೊಳ್ಳುವಾಗ ನನಗಷ್ಟ ಕೇಳೂವಂಗ ಅಂದ್ರು,
"ಮೂರನೇದು ತಗದಬಿಡು."

ಗಾಡಿ ಆತು. ಹಳದಿ ಬಣ್ಣ, ಅವರೇ ಆರಿಸಿದ್ದು.
ಒಯ್ಯೋ ದಿನ ಒಂದ ಕೆಲಸ ಹೆಚ್ಚಿಗಿ ಹೇಳಿದ್ರು:
ಬಾಗಲ ಬಾಜೂಕ, ಹೊರಗಿನ ಮೈಗೆ,
ಚಾಪಿ ಸುತ್ತಿ ಇಡಾಕ ಎರಡು ಕೊಕ್ಕಿ.
ಚಾಪಿ ಎಷ್ಟ ಉದ್ದರಿ? ಅಂತ ಕೇಳಿದೆ.
ಮೋಜಣಿಬಾಯಿ
ಟೇಪು ತಗೀಲಿಲ್ಲ.